ಒಡೆಯದ ಮೊಟ್ಟೆಗಳ ಬೆನ್ನು ಹತ್ತಿ

ಒಂದು ಜೀನ್ ಏನು ಮಾಡುತ್ತದೆಂದು ತಿಳಿಯಬೇಕಾದರೆ ಅದನ್ನು ಕೆಲಸದಿಂದ ತಪ್ಪಿಸಿ ನೋಡು. ಈ ಕ್ಷೇತ್ರಕ್ಕೆ ಬಂದ ಹೊಸದರಲ್ಲಿ ನಾನು ಕಲಿತದ್ದು ಇದನ್ನೇ. ತಪ್ಪಿಸಿದಾಗ ಕಂಡದ್ದೆಲ್ಲ ಆ ಜೀನ್‌ನದೇ ಅಲ್ಲ ಎಂಬುದು ಮನಸ್ಸಿಗೆ ಇಳಿಯಲು ಒಂದೂವರೆ ವರ್ಷ ಬೇಕಾಯಿತು.

ನಾನು ಕೆಲಸ ಮಾಡುವುದು ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ ದುಂಡುಹುಳುವಿನ ಮೇಲೆ. ಉದ್ದ ಒಂದು ಮಿಲಿಮೀಟರ್, ಮೈ ಗಾಜಿನಷ್ಟು ಪಾರದರ್ಶಕ. ಹೆಚ್ಚಿನವು ದ್ವಿಲಿಂಗಿಗಳು, ಒಂದೊಂದೂ ಸುಮಾರು 300 ಮೊಟ್ಟೆ ಇಡುತ್ತದೆ. 1998ರಲ್ಲಿ ಇದರ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಅಕ್ಷರಸಾಲು, ಬಹುಮಟ್ಟಿಗೆ ಓದಿ ಮುಗಿಯಿತು. ಬಹುಕೋಶ ಪ್ರಾಣಿಗಳಲ್ಲಿ ಅದೇ ಮೊದಲು. ಸುಮಾರು 20,000 ಜೀನ್‌ಗಳ ಪಟ್ಟಿ ಕೈಗೆ ಬಂತು, ಆದರೆ ಅವುಗಳಲ್ಲಿ ಬಹುಪಾಲಿನ ಕೆಲಸ ಯಾರಿಗೂ ಗೊತ್ತಿರಲಿಲ್ಲ. ಅದೇ ವರ್ಷ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಸಂಗಡಿಗರು ಇದೇ ಹುಳುವಿನಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಹೊಕ್ಕಿಸಿದರೆ ಅದಕ್ಕೆ ಹೊಂದುವ ಜೀನ್ ಸುಮ್ಮನಾಗುತ್ತದೆಂದು ತೋರಿಸಿದರು. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಹುಳುವಿನಲ್ಲಿ ಆ ಆರ್‌ಎನ್‌ಎಯನ್ನು ಸೂಜಿಯಿಂದ ಚುಚ್ಚಲೇಬೇಕೆಂದಿಲ್ಲ, ಊಟದಲ್ಲಿ ಕೊಟ್ಟರೂ ಸಾಕು. ಹುಳು ತಿನ್ನುವುದು ಬ್ಯಾಕ್ಟೀರಿಯಾ. ಜೋಡಿ ಎಳೆಯ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವವಿಲ್ಲದ ಎಚ್‌ಟಿ115 ಎಂಬ ಇ. ಕೊಲೈ ತಳಿಗೆ, ನಮಗೆ ಬೇಕಾದ ಜೀನ್‌ನ ತುಣುಕನ್ನು ಎಲ್4440 ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ, ಅಂದರೆ ಪ್ಲಾಸ್ಮಿಡ್‌ನಲ್ಲಿಟ್ಟು ಸೇರಿಸುತ್ತೇವೆ. ಪ್ಲೇಟ್‌ನಲ್ಲಿ ಐಪಿಟಿಜಿ ಎಂಬ ಚಾಲನೆ ಕೊಡುವ ರಾಸಾಯನಿಕ ಇದ್ದರೆ ಬ್ಯಾಕ್ಟೀರಿಯಾ ಆ ತುಣುಕಿನ ಎರಡೂ ಎಳೆಗಳನ್ನು ತಯಾರಿಸುತ್ತದೆ, ಹುಳು ತಿಂದು ಅರಗಿಸಿಕೊಳ್ಳುತ್ತದೆ, ಜೀನ್ ಬಾಯಿ ಮುಚ್ಚುತ್ತದೆ. 2003ರ ಹೊತ್ತಿಗೆ ಹೀಗೆ 16,757 ಬ್ಯಾಕ್ಟೀರಿಯಾ ತಳಿಗಳ ಸಂಗ್ರಹವೇ ಸಿದ್ಧವಾಗಿತ್ತು. ಜೀನೋಮ್‌ನ ಶೇ. 86ರಷ್ಟು ಜೀನ್‌ಗಳು ಅದರಲ್ಲಿ ಬರುತ್ತವೆ.

ಆ ಸಂಗ್ರಹದಿಂದ ನಾನು ಎಂಬತ್ತಾರು ಜೀನ್‌ಗಳನ್ನು ಆರಿಸಿಕೊಂಡೆ. ಒಂದೊಂದನ್ನೂ ಸುಮ್ಮನಾಗಿಸಿ ಮೊಟ್ಟೆಗಳು ಒಡೆಯುತ್ತವೆಯೇ ನೋಡುವುದು, ಅಷ್ಟೇ ಪ್ರಶ್ನೆ. ನಾಲ್ಕನೇ ಮರಿ ಹಂತದ ಹುಳುಗಳನ್ನು ಪ್ಲ್ಯಾಟಿನಂ ತಂತಿಯ ತುದಿಯಲ್ಲಿ ಎತ್ತಿ ಪ್ಲೇಟ್‌ಗೆ ಬಿಡುತ್ತಿದ್ದೆ. ಎರಡು ದಿನದ ನಂತರ ತಾಯಿ ಹುಳುಗಳನ್ನು ಹೊಸ ಪ್ಲೇಟ್‌ಗೆ ದಾಟಿಸಿ, ಕೆಲವು ಗಂಟೆ ಮೊಟ್ಟೆ ಇಡಲು ಬಿಟ್ಟು ತೆಗೆಯುತ್ತಿದ್ದೆ. ಅಲ್ಲಿಂದ ಇಪ್ಪತ್ನಾಲ್ಕು ಗಂಟೆ ಕಳೆದರೂ ಒಡೆಯದ ಮೊಟ್ಟೆ ಸತ್ತ ಲೆಕ್ಕ.

ಪ್ರತಿ ಸುತ್ತಿನಲ್ಲೂ ಎರಡು ಪ್ಲೇಟ್ ಕಡ್ಡಾಯ. ಒಂದರಲ್ಲಿ ಖಾಲಿ ಪ್ಲಾಸ್ಮಿಡ್, ಇನ್ನೊಂದರಲ್ಲಿ ಅನ್ಕ್-22. ಈ ಎರಡನೆಯದು ನನಗೆ ತುಂಬ ಪ್ರೀತಿಯ ಜೀನ್. ಸ್ನಾಯುವಿನ ದೊಡ್ಡ ಪ್ರೋಟೀನೊಂದು ಇದರಿಂದ ತಯಾರಾಗುತ್ತದೆ. ಇದು ಸುಮ್ಮನಾದರೆ ಹುಳು ಎಂದಿನಂತೆ ಅಲೆಯಲೆಯಾಗಿ ಹರಿಯುವುದಿಲ್ಲ. ಮೈಯ ಒಂದು ಕಡೆ ಸಣ್ಣಗೆ ಅದುರುತ್ತದೆ, ಅದು ನಿಲ್ಲುವಷ್ಟರಲ್ಲಿ ಇನ್ನೊಂದು ಕಡೆ. ಕಣ್ಣಿನ ರೆಪ್ಪೆ ಹಾರುತ್ತದಲ್ಲ, ಹಾಗೆ. ಮೈಕ್ರೋಸ್ಕೋಪಿನಡಿ ಆ ಅದುರು ಕಂಡರೆ ಐಪಿಟಿಜಿ, ಆ್ಯಂಟಿಬಯೋಟಿಕ್, ಬ್ಯಾಕ್ಟೀರಿಯಾ ಎಲ್ಲವೂ ಸರಿಯಿದೆ ಎಂದರ್ಥ. ಒಂದು ಸುತ್ತಿನಲ್ಲಿ ಅದುರು ಕಾಣಲಿಲ್ಲ. ಹಳೆಯ ಪ್ಲೇಟ್‌ಗಳನ್ನು ಬಳಸಿಬಿಟ್ಟಿದ್ದೆ. ಹನ್ನೆರಡು ಜೀನ್‌ಗಳ ಒಂದು ವಾರದ ಎಣಿಕೆಯನ್ನು ಅಂದೇ ಅಳಿಸಿದೆ. ಅಲ್ಲಿ 'ಪರಿಣಾಮವಿಲ್ಲ' ಎಂದು ಬರೆದಿದ್ದ ಎರಡು ಜೀನ್‌ಗಳಿಗೆ ಮರುಸುತ್ತಿನಲ್ಲಿ ಪರಿಣಾಮ ಕಂಡಿತು. ಹೋಲಿಕೆಗೆ ಇಡುವ ಇಂಥ ಕಂಟ್ರೋಲ್ ಪ್ಲೇಟ್ ಕೈಬಿಟ್ಟು ಸಮಯ ಉಳಿಸಿದೆನೆಂದು ಯಾರಾದರೂ ಹೇಳಿದರೆ ಇವತ್ತಿಗೂ ನನಗೆ ಕಳವಳವಾಗುತ್ತದೆ.

ಮೂವತ್ತನಾಲ್ಕನೆಯದು ನನ್ನನ್ನು ಹಿಡಿದು ನಿಲ್ಲಿಸಿತು. ಆ ಜೀನ್‌ಗೆ ಹೆಸರೂ ಇರಲಿಲ್ಲ, ಬರೀ ಒಂದು ಸಂಕೇತಸಂಖ್ಯೆ. ಪ್ಲೇಟ್ ತುಂಬ ಮೊಟ್ಟೆಗಳು, ಮರಿ ಮಾತ್ರ ಬೆರಳೆಣಿಕೆಯಷ್ಟು. ಪ್ಲೇಟ್‌ಗಳ ಮೇಲಿನ ಹೆಸರು ಮುಚ್ಚಿ, ಯಾವುದು ಯಾವುದೆಂದು ನನಗೆ ತಿಳಿಯದಂತೆ ಸಹೋದ್ಯೋಗಿಯೊಬ್ಬರಿಂದ ಅದಲುಬದಲು ಮಾಡಿಸಿ ಮತ್ತೆ ಎಣಿಸಿದೆ. ಮೂರು ಸಲವೂ ಅದೇ ಉತ್ತರ. ಈ ಜೀನ್ ಇಲ್ಲದೆ ಭ್ರೂಣ ಬೆಳೆಯುವುದಿಲ್ಲ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೆ.

ಖಾತ್ರಿಗೆಂದು ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ತಂತ್ರ ಬಳಸಿ ಅದೇ ಜೀನನ್ನು ಪೂರ್ತಿ ಕತ್ತರಿಸಿ ತೆಗೆದೆ. ಆ ಜಾಗದ ಡಿಎನ್‌ಎಯನ್ನು ನಕಲು ಮಾಡುವ ಪಿಸಿಆರ್‌ನಲ್ಲಿ ತುಣುಕು ಗಿಡ್ಡವಾಗಿ ಬಂತು, ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್‌ನಲ್ಲೂ ಕತ್ತರಿ ಬಿದ್ದ ಜಾಗ ಸ್ಪಷ್ಟವಾಗಿತ್ತು. ಆದರೆ ಮೊಟ್ಟೆಗಳು ಒಂದೂ ಬಿಡದಂತೆ ಒಡೆದು ಮರಿಯಾದವು.

ಮೊದಲು ಅನುಮಾನ ಬಂದದ್ದು ತಾಯಿಯ ಪಾಲಿನ ಮೇಲೆ. ಜೀನ್‌ನ ಒಂದು ಪ್ರತಿ ಸರಿಯಿರುವ ತಾಯಿ ತನ್ನ ಮೊಟ್ಟೆಗೆ ಆ ಪ್ರೋಟೀನನ್ನು ತುಂಬಿ ಕಳಿಸುತ್ತಾಳೆ. ಎರಡೂ ಪ್ರತಿ ಕೆಟ್ಟ ಮಗುವೂ ಆ ಬುತ್ತಿಯಲ್ಲೇ ಬೆಳೆದುಬಿಡಬಹುದು. ಆರ್‌ಎನ್‌ಎ ತಿನ್ನಿಸಿದಾಗ ತಾಯಿಯ ಪಾಲೂ ಕರಗುತ್ತದೆ, ಆದ್ದರಿಂದ ಎರಡು ವಿಧಾನಗಳ ಉತ್ತರ ಬೇರೆಯಾಗುವುದುಂಟು. ಹಾಗಾಗಿ ಇನ್ನೊಂದು ತಲೆಮಾರು ಕಾದೆ. ಮೊಮ್ಮಕ್ಕಳೂ ಸುಖವಾಗಿ ಹುಟ್ಟಿದವು.

ಆಮೇಲೆ ಪ್ಲಾಸ್ಮಿಡ್ ಓದಿಸಿದೆ. ಸಂಗ್ರಹಗಳಲ್ಲಿ ಒಂದು ತಳಿಯ ಗುಳಿಯಲ್ಲಿ ಇನ್ನೊಂದು ತಳಿ ಇರುವುದು ಅಪರೂಪವಲ್ಲ. ಇದರಲ್ಲಿ ಮಾತ್ರ ಸರಿಯಾದ ತುಣುಕೇ ಇತ್ತು. ಕೊನೆಗೆ ಆ ತುಣುಕನ್ನು ಇಡೀ ಜೀನೋಮ್‌ನೊಂದಿಗೆ ಹೋಲಿಸಿ ನೋಡಿದಾಗ ಉತ್ತರ ಕಣ್ಣಿಗೆ ಬಿತ್ತು. ಅದಕ್ಕೊಂದು ತಂಗಿ ಜೀನ್ ಇತ್ತು. ಹುಳುವಿನೊಳಗೆ ಜೋಡಿ ಆರ್‌ಎನ್‌ಎ ಇಪ್ಪತ್ತೆರಡು ಇಪ್ಪತ್ಮೂರು ಅಕ್ಷರಗಳ ಚೂರುಗಳಾಗಿ ತುಂಡಾಗುತ್ತದೆ. ಅಂಥ ಎಷ್ಟೋ ಚೂರುಗಳು ತಂಗಿಗೂ ಅಕ್ಷರ ತಪ್ಪದೆ ಹೊಂದುತ್ತಿದ್ದವು. ನಾನು ಒಂದನ್ನು ಸುಮ್ಮನಾಗಿಸಿದೆನೆಂದುಕೊಂಡಿದ್ದೆ, ಸುಮ್ಮನಾದದ್ದು ಎರಡೂ.

ಎರಡಕ್ಕೂ ಸಾಮ್ಯವೇ ಇಲ್ಲದ ಬಾಲದ ಭಾಗದಿಂದ ಹೊಸ ತುಣುಕುಗಳನ್ನು ಮಾಡಿಕೊಂಡೆ. ಅಕ್ಕನ ತುಣುಕು ತಿನ್ನಿಸಿದರೆ ಏನೂ ಆಗಲಿಲ್ಲ, ತಂಗಿಯದಕ್ಕೂ ಇಲ್ಲ. ಎರಡು ಬ್ಯಾಕ್ಟೀರಿಯಾ ಬೆರೆಸಿ ತಿನ್ನಿಸಿದರೆ ಎರಡರ ಪ್ರಮಾಣವೂ ಅರ್ಧಕ್ಕಿಳಿಯುತ್ತದೆ, ಆಗ ಬರುವ ಉತ್ತರವನ್ನು ನಂಬುವುದು ಕಷ್ಟ. ಅದಕ್ಕೇ ಅಕ್ಕನನ್ನು ಕತ್ತರಿಸಿ ತೆಗೆದ ತಳಿಗೆ ತಂಗಿಯ ತುಣುಕು ತಿನ್ನಿಸಿದೆ. ಮೊಟ್ಟೆಗಳು ಒಡೆಯಲಿಲ್ಲ. ಆ ತಳಿಗೆ ಅಕ್ಕನ ಒಂದು ಸರಿಯಾದ ಪ್ರತಿಯನ್ನು ಮರಳಿ ಸೇರಿಸಿ ತಂಗಿಯ ತುಣುಕನ್ನೇ ತಿನ್ನಿಸಿದೆ. ಮರಿಗಳು ಬಂದವು. ನನಗೆ ಈ ಕೊನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ. ಕಿತ್ತಾಗ ಕೆಟ್ಟದ್ದು, ಇಟ್ಟಾಗ ಸರಿಹೋಗಬೇಕು. ಅಲ್ಲಿಯವರೆಗೆ ಅದನ್ನು ಜೀನ್‌ನ ಕೆಲಸವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಟಿಪ್ಪಣಿ ಪುಸ್ತಕದ ಆ ಹಳೆಯ ಸಾಲನ್ನು ಹೊಡೆದುಹಾಕಿ, ಇಬ್ಬರಲ್ಲಿ ಒಬ್ಬರಿದ್ದರೆ ಸಾಕು ಎಂದು ಪಕ್ಕದಲ್ಲಿ ಬರೆದಿದ್ದೇನೆ. ಇದರಿಂದ ಯಾಕೆ ಬೇಕು ಎಂಬುದು ತಿಳಿಯುವುದಿಲ್ಲ. ಈಗ ಅಕ್ಕನ ಪ್ರೋಟೀನ್‌ಗೆ ಹಸಿರು ಹೊಳೆಯುವ ಜಿಎಫ್‌ಪಿ ಅಂಟಿಸಿ ಮೊದಲ ಕೋಶ ಎರಡಾಗುವುದನ್ನು ಚಿತ್ರೀಕರಿಸುತ್ತಿದ್ದೇನೆ. ವರ್ಣತಂತುಗಳು ನಡುವೆ ಸಾಲುಗಟ್ಟುವ ಹೊತ್ತಿಗೆ ಎರಡು ತುದಿಗಳಲ್ಲೂ ಒಂದೊಂದು ಹಸಿರು ಚುಕ್ಕೆ ಮೂಡುತ್ತದೆ, ಕೋಶ ಸೀಳುವ ಮೊದಲೇ ಮಾಯವಾಗುತ್ತದೆ. ತಂಗಿಗೆ ಕೆಂಪು ಬಣ್ಣ ಅಂಟಿಸಿದ ಹುಳುಗಳು ಇನ್‌ಕ್ಯುಬೇಟರ್‌ನಲ್ಲಿವೆ.