ಸೆಪ್ಟೆಂಬರ್ 1ಕ್ಕೆ ಮುಂಚೆ ನಾವು ಮಾಡಿದ್ದು

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮಕ್ಕಳು ಲಕ್ರಾಸ್ (ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ) ಕೋಲು ಹಿಡಿಯುವುದು ದೊಡ್ಡ ಸುದ್ದಿಯೇನಲ್ಲ. ನಮ್ಮ ಮಗಳೂ ಹಿಡಿದಳು, ಗೋಲಿ, ಅಂದರೆ ಗೋಲ್‌ಕೀಪರ್, ಆದಳು. (ಮೈಸೂರಿನಲ್ಲಿರುವ ಅವಳ ಅಜ್ಜಿಗೆ ಇವತ್ತಿಗೂ ಅದು ಹಾಕಿ.) ಎಂಟನೇ ಕ್ಲಾಸಿಗೇ ಕ್ಲಬ್‌ನ ಅಪ್ಪ ಅಮ್ಮಂದಿರು ಮುಂದೆ ಯಾವ ಕಾಲೇಜಿನ ತಂಡಕ್ಕೆ ಆಡೋದು ಅನ್ನೋ ಮಾತು ಶುರು ಮಾಡಿದರು. ಒಬ್ಬರ ದೊಡ್ಡ ಮಗಳು ಹೈಸ್ಕೂಲ್ ಸೇರುವ ಮುಂಚೆಯೇ ಒಂದು ಕಾಲೇಜಿನ ತಂಡಕ್ಕೆ ಆಡ್ತೀನಿ ಅಂತ ಒಪ್ಪಿಗೆ ಕೊಟ್ಟಿದ್ದಳಂತೆ. ಬರೀ ಬಾಯಿಮಾತು. ಕಾಲೇಜೂ ತಪ್ಪಬಹುದು, ಮಗುವೂ ತಪ್ಪಬಹುದು.

2017ರ ಏಪ್ರಿಲ್‌ನಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಇದಕ್ಕೆ ಕಡಿವಾಣ ಹಾಕಿತು. ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಮೇಲಿನದಾದ ಡಿವಿಷನ್ 1ರ ಲಕ್ರಾಸ್ ಕೋಚ್‌ಗಳು 11ನೇ ಕ್ಲಾಸಿನ ಸೆಪ್ಟೆಂಬರ್ 1ರವರೆಗೆ ಮಕ್ಕಳ ಜೊತೆ ಸೇರ್ಪಡೆಯ ಮಾತೇ ಆಡುವಂತಿಲ್ಲ. ಈ ನಿಯಮ ಬೇಕು ಅಂದವರು ಕೋಚ್‌ಗಳೇ. ಸರಿಯಾಗೇ ಮಾಡಿದರು. 13 ವರ್ಷಕ್ಕೆ ಯಾರಿಗೆ ಗೊತ್ತಿರುತ್ತೆ, ಈ ಆಟ ಕೊನೆವರೆಗೂ ಇಷ್ಟ ಆಗುತ್ತಾ ಅಂತ?

ಮಾತಾಡುವಂತಿಲ್ಲ, ಆದರೆ ನೋಡಬಹುದು ಅಲ್ವಾ? ಬೇಸಿಗೆ ಟೂರ್ನಮೆಂಟ್‌ಗಳಲ್ಲಿ ಕೋಚ್‌ಗಳು ಕಾಲೇಜಿನ ಅಂಗಿ ತೊಟ್ಟು ಮಡಚೋ ಕುರ್ಚಿಗಳಲ್ಲಿ ಸಾಲಾಗಿ ಕೂತಿರುತ್ತಾರೆ. ನಾವು ಹೋಗಿ ಮಾತಾಡಿಸಲಿಲ್ಲ. ಮಗಳೇ ಮುಂಚಿತವಾಗಿ ಇಮೇಲ್ ಮಾಡುತ್ತಿದ್ದಳು: ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಗೋಲಿ, ಯಾವ ಮೈದಾನ, ಎಷ್ಟು ಗಂಟೆಗೆ. ಡಿವಿಷನ್ 1ರಿಂದ ಉತ್ತರವಾಗಿ ಬಂದರೆ ಅವರ ತರಬೇತಿ ಕ್ಯಾಂಪಿನ ವಿವರ ಬರುತ್ತಿತ್ತು, ಅಷ್ಟೇ. "ಅಮ್ಮಾ, ನಾನು ಯಾರಿಗೂ ಬೇಡ" ಅಂತ ಮುಖ ಊದಿಸಿಕೊಂಡಾಗ ನಿಯಮ ತೆಗೆದು ತೋರಿಸಿದೆ.

ವಿಡಿಯೋದಲ್ಲಿ ಬರೀ ಚೆಂಡು ತಡೆದದ್ದನ್ನು ಹಾಕಲಿಲ್ಲ. ತಡೆದ ಮೇಲೆ ಯಾರಿಗೆ ಪಾಸ್ ಕೊಟ್ಟಳು ಅನ್ನೋವರೆಗೂ ಬಿಟ್ಟೆವು. ಗೋಲಿಯ ಅರ್ಧ ಕೆಲಸ ಅದೇ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಮಾತ್ರ ಆಟಗಾರ್ತಿಯರ ಪಟ್ಟಿ. ಪ್ರತಿ ಕಾಲೇಜಿನ ವೆಬ್‌ಸೈಟ್‌ನಲ್ಲೂ ಇರುತ್ತೆ. ಮೈದಾನದಲ್ಲಿ ಗೋಲಿ ಒಬ್ಬಳೇ, ಹಾಗಾಗಿ ಎಷ್ಟೇ ಚೆನ್ನಾಗಿ ಆಡಿದರೂ ಜಾಗ ಖಾಲಿ ಇರಬೇಕು. ಮಗಳು 10ನೇ ಕ್ಲಾಸಿನಲ್ಲಿದ್ದಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದ ಗೋಲಿ, ಇವಳು ಸೇರುವ ಹೊತ್ತಿಗೆ ಕೊನೆಯ ವರ್ಷಕ್ಕೆ ಬಂದಿರುತ್ತಾಳೆ. ಆ ಕಾಲೇಜು ಪರವಾಗಿಲ್ಲ. ಇವಳಿಗಿಂತ ಒಂದೇ ವರ್ಷ ದೊಡ್ಡ ಗೋಲಿ ಅಲ್ಲಿಗೆ ಒಪ್ಪಿಗೆ ಕೊಟ್ಟಿದ್ದರೆ ಮೂರು ವರ್ಷ ಬೆಂಚು ಕಾಯಬೇಕಾಗಬಹುದು. ಅಂಥವನ್ನು ಸುಮ್ನೆ ಪಟ್ಟಿಯಿಂದ ಹೊಡೆದು ಹಾಕಿದೆವು.

ದುಡ್ಡಿನ ವಿಷಯ. ಆಗ ಡಿವಿಷನ್ 1ರ ಒಂದು ಮಹಿಳಾ ತಂಡಕ್ಕೆ ಹೆಚ್ಚೆಂದರೆ 12 ಪೂರ್ತಿ ಸ್ಕಾಲರ್‌ಶಿಪ್. ಅದನ್ನೇ ಇಡೀ ತಂಡಕ್ಕೆ ತುಂಡು ತುಂಡು ಹಂಚುತ್ತಿದ್ದರು. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಪೈಸೆಯೂ ಇಲ್ಲ. ಆದರೆ ಓದಿಗೆ ಮತ್ತು ಮನೆಯ ಆದಾಯ ನೋಡಿ ಕೊಡುವ ನೆರವು ಆಟದ ಸ್ಕಾಲರ್‌ಶಿಪ್ಪಿನ ತುಂಡಿಗಿಂತ ಜಾಸ್ತಿಯೇ ಆಗಬಹುದು. ಗಣಿತದ ಮಾರ್ಕ್ಸ್ ಬಗ್ಗೆ ನಾನು ಗಲಾಟೆ ಮಾಡುತ್ತಿದ್ದದ್ದು ಅದಕ್ಕೇ.

ಆ ಸೆಪ್ಟೆಂಬರ್ 1ರ ನಡುರಾತ್ರಿ ಟೀಮಿನ ಕೆಲವರ ಫೋನು ಟಣ್ ಟಣ್ ಅಂದವಂತೆ. ನಮ್ಮವಳಿಗೆ ಬೆಳಗ್ಗೆ ಎರಡು ಮೆಸೇಜು. ಆದರೆ ಡಿವಿಷನ್ 3 ಕೋಚ್‌ಗಳಿಗೆ ಆ ತಡೆ ಇಲ್ಲ, ಅವರು ಮೊದಲೇ ಬರೆಯುತ್ತಿದ್ದರು. ಕೊನೆಗೆ ಅಂಥದ್ದೇ ಒಂದು ಕಾಲೇಜು ಅವಳಿಗೆ ಹಿಡಿಸಿತು. 11ನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಕೋಚ್ ಅವಳ ಮಾರ್ಕ್ಸನ್ನು ಅಡ್ಮಿಷನ್ ಆಫೀಸಿಗೆ ಮುಂಚೆಯೇ ತೋರಿಸಿದರು, ಅದಕ್ಕೆ ಪ್ರೀ-ರೀಡ್ ಅಂತಾರೆ. ಅಲ್ಲಿಂದ ಸರಿ ಅಂತ ಬಂದ ಮೇಲೆ ಅರ್ಲಿ ಡಿಸಿಷನ್ ಅರ್ಜಿ. ಅದು ಹಾಕಿದರೆ ಸೀಟು ಸಿಕ್ಕ ಮೇಲೆ ಸೇರಲೇಬೇಕು. ಹಾಗಾಗಿ ಯಜಮಾನರು ಮೊದಲು ಕಾಲೇಜಿನ ವೆಬ್‌ಸೈಟ್‌ನಲ್ಲೇ ನಮ್ಮ ಆದಾಯ ಹಾಕಿ, ಕೈಯಿಂದ ಎಷ್ಟು ಬೀಳುತ್ತೆ ಅಂತ ಲೆಕ್ಕ ನೋಡಿದರು.