ಹೊಸ ಎಂ2 ಎಂಜಿನ್ ಫ್ರೀ ಮಾಡಿದ್ದು ಹೀಗೆ

ಹೊಸ ಗಾಡಿ ತಗೊಂಡವರಿಗೆ ಎಲ್ಲರೂ ಹೇಳುವುದು ಒಂದೇ: "ಸ್ವಲ್ಪ ದಿನ ನಿಧಾನ ಓಡಿಸಿ, ಎಂಜಿನ್ ಫ್ರೀ ಆಗಲಿ." ಈ ಮಾತು ಅರ್ಧ ಸರಿ. ಉಳಿದ ಅರ್ಧವನ್ನು ಯಾರೂ ಹೇಳುವುದಿಲ್ಲ. ತೀರಾ ಮೆತ್ತಗೆ ಓಡಿಸಿದರೂ ಹೊಸ ಎಂಜಿನ್ ಸರಿಯಾಗಿ ಕೂರುವುದಿಲ್ಲ.

ನನ್ನದು ಬಿಎಂಡಬ್ಲ್ಯು ಎಂ2, ಆರು ಗೇರಿನ ಮ್ಯಾನ್ಯುವಲ್. ಒಳಗಿರುವುದು ಎಸ್58 ಎಂಜಿನ್: 3 ಲೀಟರ್, ಸಾಲಾಗಿ ಆರು ಸಿಲಿಂಡರ್, ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಎರಡು ಟರ್ಬೊ. ರೆಡ್‌ಲೈನ್, ಅಂದರೆ ಎಂಜಿನ್ ತಿರುಗಬಹುದಾದ ಮೇಲಿನ ಮಿತಿ, 7,200 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಕಂಪನಿಯ ಪುಸ್ತಕದ ನಿಯಮ ಚಿಕ್ಕದು. ಮೊದಲ 2,000 ಕಿಲೋಮೀಟರ್ 5,500 ಆರ್‌ಪಿಎಂ ದಾಟಬೇಡಿ, ಗಂಟೆಗೆ 170 ಕಿ.ಮೀ. ದಾಟಬೇಡಿ, ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಈ ಮಿತಿಯೊಳಗೆ ಹೇಗೆ ಓಡಿಸಬೇಕು ಅನ್ನುವುದು ನಮಗೆ ಬಿಟ್ಟಿದ್ದು. ನಾನು ತಲೆ ಕೆಡಿಸಿಕೊಂಡಿದ್ದೂ ಅಲ್ಲೇ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಸಿಲಿಂಡರ್ ಗೋಡೆ ಕಣ್ಣಿಗೆ ಕನ್ನಡಿಯ ಹಾಗೆ ಕಂಡರೂ ಅದರ ಮೇಲೆ ಅಡ್ಡಡ್ಡ ಗೆರೆಗಳಿರುತ್ತವೆ. ಹೋನಿಂಗ್ ಮಾಡುವಾಗ, ಅಂದರೆ ಗೋಡೆಯನ್ನು ಸಾಣೆ ಕಲ್ಲಿನಿಂದ ಉಜ್ಜಿ ಹದ ಮಾಡುವಾಗ, ಬೇಕೆಂದೇ ಹಾಕಿದ ಗೆರೆಗಳವು. ಹತ್ತಿರದಿಂದ ನೋಡಿದರೆ ತೀರಾ ನಯವಾದ ಅರದ ಮೈ ಅನ್ನಬಹುದು. ಗೆರೆಯ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಉಬ್ಬಿನ ತುದಿಗಳನ್ನು ಪಿಸ್ಟನ್ ರಿಂಗ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಸುತ್ತಲಿನ ಲೋಹದ ಬಳೆ) ಉಜ್ಜಿ ಉಜ್ಜಿ ಸವೆಸುತ್ತದೆ, ತಾನೂ ಒಂದಿಷ್ಟು ಸವೆಯುತ್ತದೆ. ಎರಡೂ ಒಂದಕ್ಕೊಂದು ಹೊಂದಿಕೊಂಡಾಗ ಗ್ಯಾಸ್ ಕೆಳಗೆ ಸೋರುವುದು ಕಮ್ಮಿಯಾಗುತ್ತದೆ, ಆಯಿಲ್ ಮೇಲೆ ಬಂದು ಸುಡುವುದೂ ಕಮ್ಮಿಯಾಗುತ್ತದೆ. ಎಸ್58ನಲ್ಲಿ ಎರಕದ ಲೈನರ್ (ಸಿಲಿಂಡರಿನೊಳಗೆ ಕೂರಿಸುವ ಕೊಳವೆ) ಇಲ್ಲ. ಅಲ್ಯೂಮಿನಿಯಂ ಗೋಡೆಗೆ ಕಬ್ಬಿಣದ ತಂತಿ ಕರಗಿಸಿ ಸ್ಪ್ರೇ ಮಾಡಿದ ತೆಳು ಪದರ ಇದೆ. ಅದರಲ್ಲಿನ ಸಣ್ಣ ಸಣ್ಣ ರಂಧ್ರಗಳೂ ಆಯಿಲ್ ಹಿಡಿದಿಡುತ್ತವೆ.

ಇಲ್ಲೇ ಮುಖ್ಯ ವಿಷಯ ಇರುವುದು. ರಿಂಗ್ ತನ್ನ ಸ್ಪ್ರಿಂಗ್ ಬಲದಿಂದ ಗೋಡೆಯನ್ನು ಒತ್ತುವುದು ಸ್ವಲ್ಪವೇ. ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಗೆ ತಳ್ಳುತ್ತದಲ್ಲ, ಗಟ್ಟಿಯಾಗಿ ಒತ್ತುವುದು ಅದು. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ಓಡಿಸಿದರೆ ಆ ಒತ್ತಡವೇ ಹುಟ್ಟುವುದಿಲ್ಲ. ರಿಂಗ್ ಉಜ್ಜುವ ಬದಲು ಆಯಿಲ್ ಮೇಲೆ ತೇಲುತ್ತದೆ. ಹೀಗೇ ಬಹಳ ಕಾಲ ನಡೆದರೆ ಸುಟ್ಟ ಆಯಿಲ್ ಗೆರೆಗಳಲ್ಲಿ ಗಟ್ಟಿಯಾಗಿ ಕೂತು ಗೋಡೆ ನುಣುಪಾಗುತ್ತದೆ. ಮೆಕ್ಯಾನಿಕ್‌ಗಳು ಬೋರ್ ಗ್ಲೇಜ್ ಆಗಿದೆ ಅನ್ನುವುದು ಇದಕ್ಕೇ. ಆಮೇಲೆ ಆ ಎಂಜಿನ್ ಆಯಿಲ್ ಕುಡಿಯುವುದನ್ನು ಬಿಡಿಸುವುದು ಕಷ್ಟ.

ಹಾಗಾದರೆ ಮೊದಲ ದಿನದಿಂದಲೇ ಚೆನ್ನಾಗಿ ಒತ್ತಿ ಓಡಿಸಿ ಅನ್ನುವವರ ಮಾತು ಸರಿಯಾ? ಅವರು ರೇಸ್ ಎಂಜಿನ್‌ಗಳ ಉದಾಹರಣೆ ಕೊಡುತ್ತಾರೆ. ರೇಸ್ ಎಂಜಿನ್‌ಗಳನ್ನು ಡೈನೊ (ಎಂಜಿನ್ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಕೆಲವೇ ಗಂಟೆಗಳಲ್ಲಿ ಹದಕ್ಕೆ ತರುವುದು ನಿಜ. ಆದರೆ ಅಲ್ಲಿ ಪಕ್ಕದಲ್ಲೇ ತಾಪ, ಒತ್ತಡ ನೋಡುವ ಜನ ಇರುತ್ತಾರೆ. ಕೂಡಲೇ ಆಯಿಲ್ ಬದಲಿಸುತ್ತಾರೆ. ಆ ಎಂಜಿನ್ ಹೇಗೂ ಮತ್ತೆ ಬಿಚ್ಚುವಂಥದ್ದು. ನನ್ನ ಎಂಜಿನ್ ಬಿಚ್ಚದೆ ವರ್ಷಗಟ್ಟಲೆ ಓಡಬೇಕು. ಅದೂ ಅಲ್ಲದೆ ಕಾರಿನಲ್ಲಿ ಹೊಸದಾಗಿರುವುದು ರಿಂಗ್ ಮಾತ್ರ ಅಲ್ಲವಲ್ಲ. ಬೇರಿಂಗ್, ಗೇರ್‌ಬಾಕ್ಸಿನ ಸಿಂಕ್ರೊ (ಗೇರ್ ಸಲೀಸಾಗಿ ಬೀಳಲು ವೇಗ ಹೊಂದಿಸುವ ಬಳೆ), ಕ್ಲಚ್, ಡಿಫರೆನ್ಷಿಯಲ್ (ಎರಡು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಬ್ರೇಕ್, ಟೈರ್ ಎಲ್ಲವೂ ಹೊಸದೇ. ಇವತ್ತಿನ ಹೋನಿಂಗ್ ಎಷ್ಟು ನಿಖರವಾಗಿದೆ ಅಂದರೆ ರಿಂಗಿನ ಕೆಲಸ ಅರ್ಧಕ್ಕರ್ಧ ಫ್ಯಾಕ್ಟರಿಯಲ್ಲೇ ಮುಗಿದಿರುತ್ತದೆ. ನನ್ನ ಲೆಕ್ಕದಲ್ಲಿ ಉಳಿದ ಭಾಗಗಳಿಗೇ ಈ 2,000 ಕಿಲೋಮೀಟರ್ ಜಾಸ್ತಿ ಬೇಕು.

ನಾನು ಮೊದಲು ಗಮನ ಕೊಟ್ಟಿದ್ದು ಆಯಿಲ್ ತಾಪಕ್ಕೆ. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬೇಗ ಬಿಸಿಯಾಗುತ್ತದೆ, ಆಯಿಲ್ ತುಂಬ ಹಿಂದೆ ಉಳಿಯುತ್ತದೆ. ಕೂಲೆಂಟ್ ನೋಡಿ ಗಾಡಿ ಬಿಸಿಯಾಯಿತು ಅಂದುಕೊಳ್ಳುವವರೇ ಜಾಸ್ತಿ. ಎಂ2ದಲ್ಲಿ ಆಯಿಲ್ ತಾಪ ಪರದೆ ಮೇಲೆಯೇ ಕಾಣುತ್ತದೆ. ಅದು 80 ಡಿಗ್ರಿ ದಾಟುವ ತನಕ ನಾನು 3,000 ಆರ್‌ಪಿಎಂ ಮೇಲೆ ಹೋಗಲಿಲ್ಲ. ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಸಿ ಮಾಡಲೂ ಇಲ್ಲ. ಐಡಲ್‌ನಲ್ಲಿ ಒತ್ತಡ ಇರುವುದಿಲ್ಲ, ಸುಡದ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ. ಸ್ಟಾರ್ಟ್ ಆಗಿ ಸದ್ದು ಸಮ ಆದ ಕೂಡಲೇ ಹೊರಡುವುದು, ಮೆತ್ತಗೆ ಓಡಿಸುತ್ತಲೇ ಬಿಸಿ ಮಾಡುವುದು. ಹತ್ತು ನಿಮಿಷದ ಕೆಲಸಕ್ಕೆ ಈ ಗಾಡಿ ತೆಗೆಯುವುದನ್ನೇ ಆ ದಿನಗಳಲ್ಲಿ ಬಿಟ್ಟೆ. ಆಯಿಲ್ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಏನು ಉಪಯೋಗ?

ಬಿಸಿಯಾದ ಮೇಲೆ ನನಗೆ ಇಷ್ಟವಾಗಿದ್ದು ಏರಿಳಿತ ಇರುವ, ಟ್ರಾಫಿಕ್ ಕಮ್ಮಿ ಇರುವ ರಸ್ತೆ. ಮೂರನೇ ಅಥವಾ ನಾಲ್ಕನೇ ಗೇರ್. 2,000 ಆರ್‌ಪಿಎಂ ಆಸುಪಾಸಿನಿಂದ ಆಕ್ಸಿಲರೇಟರ್ ಅರ್ಧದಷ್ಟು ಒತ್ತಿ 4,000 ತನಕ ಎಳೆಸುವುದು. ಆಮೇಲೆ ಕಾಲು ಪೂರ್ತಿ ತೆಗೆದು, ಗೇರ್‌ನಲ್ಲೇ ಇಟ್ಟು ಮತ್ತೆ 2,000ಕ್ಕೆ ಇಳಿಯಲು ಬಿಡುವುದು. ಎಳೆಯುವಾಗ ರಿಂಗ್ ಗೋಡೆಗೆ ಒತ್ತಿಕೊಳ್ಳುತ್ತದೆ. ಕಾಲು ತೆಗೆದಾಗ ಸಿಲಿಂಡರಿನಲ್ಲಿ ನಿರ್ವಾತ ಹುಟ್ಟಿ ಒಂದಿಷ್ಟು ಆಯಿಲ್ ಮೇಲೆ ಬರುತ್ತದೆ, ಗೋಡೆ ತಣಿಯುತ್ತದೆ, ಸವೆದ ಪುಡಿ ತೊಳೆದು ಹೋಗುತ್ತದೆ. ಕೆಲವು ಸಲ ಹೀಗೆ ಮಾಡಿ, ಆಮೇಲೆ ಸ್ವಲ್ಪ ದೂರ ಸುಮ್ನೆ ಆರಾಮಾಗಿ ಓಡಿಸುವುದು. ದಿನ ಕಳೆದ ಹಾಗೆ ಮೇಲಿನ ಮಿತಿಯನ್ನು 4,500ಕ್ಕೆ, 5,000ಕ್ಕೆ ಏರಿಸಿದೆ. ಕೊನೆಯ ಭಾಗದಲ್ಲಿ ಮಾತ್ರ 5,500ರ ಹತ್ತಿರ ಹೋಗಿದ್ದು. ಹಿಂದೆ ಮುಂದೆ ಗಾಡಿ ಇಲ್ಲದಿದ್ದಾಗ ಮಾತ್ರ ಇದು ಮಾಡಬೇಕು. ನೀವು ಯಾಕೆ ಹೀಗೆ ವೇಗ ಏರಿಸಿ ಇಳಿಸುತ್ತಿದ್ದೀರಿ ಅಂತ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು?

ಟರ್ಬೊ ಎಂಜಿನ್‌ನಲ್ಲಿ ಆರ್‌ಪಿಎಂ ಕಮ್ಮಿ ಇದ್ದರೆ ಸಾಕು ಅಂದುಕೊಳ್ಳುವ ಹಾಗಿಲ್ಲ. ಈ ಎಂಜಿನ್ನಿನ 550 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಪೂರ್ತಿ 2,650 ಆರ್‌ಪಿಎಂಗೇ ಸಿಗುತ್ತದೆ. ಅಂದರೆ 3,000ದಲ್ಲಿ ಪೆಡಲ್ ಪೂರ್ತಿ ಒತ್ತಿದರೆ ಬೇರಿಂಗ್, ಡಿಫರೆನ್ಷಿಯಲ್ ಮೇಲೆ ಬೀಳುವ ಭಾರ ಕಮ್ಮಿಯೇನಲ್ಲ. ಆರನೇ ಗೇರಿನಲ್ಲಿ 1,500ಕ್ಕೆ ಇಳಿದಾಗ ಒತ್ತಿದರಂತೂ ಗಾಡಿ ತಿಣುಕುತ್ತದೆ. ಅದು ಜಾಸ್ತಿ ರೇಸ್ ಕೊಡುವುದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಹಾಗಾಗಿ ಗೇರ್ ಇಳಿಸಲು ಸೋಮಾರಿತನ ಮಾಡಲಿಲ್ಲ. ಎಂಜಿನ್ ಸೆಟ್ಟಿಂಗ್ ಎಫಿಶಿಯಂಟ್‌ನಲ್ಲೇ ಇಟ್ಟೆ. ಸ್ಪೋರ್ಟ್ ಪ್ಲಸ್‌ನಲ್ಲಿ ಪೆಡಲ್ ಸ್ವಲ್ಪ ಮುಟ್ಟಿದರೂ ಗಾಡಿ ಜಿಗಿಯುತ್ತದೆ, ಅರ್ಧ ಅಂದರೆ ಎಷ್ಟು ಅನ್ನುವುದೇ ಕಾಲಿಗೆ ತಿಳಿಯುವುದಿಲ್ಲ.

ಹೈವೇ ಓಟಕ್ಕೆ ಕ್ರೂಸ್ ಕಂಟ್ರೋಲ್ ಮುಟ್ಟಲಿಲ್ಲ. ಒಂದೇ ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಓಡಿ 2,000 ಕಿಲೋಮೀಟರ್ ಬೇಗ ಮುಗಿಸುವವರಿದ್ದಾರೆ. ಮೀಟರ್ ಏನೋ ಓಡುತ್ತದೆ, ಎಂಜಿನ್‌ಗೆ ಸಿಗಬೇಕಾದ್ದು ಸಿಗುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ನಾನು ನಾಲ್ಕು, ಐದು, ಆರು ಹೀಗೆ ಗೇರ್ ಬದಲಿಸುತ್ತಾ, ವೇಗ ಹೆಚ್ಚು ಕಮ್ಮಿ ಮಾಡುತ್ತಾ ಹೋದೆ. ಬೋರ್ ಹೊಡೆಯುತ್ತೆ, ನಿಜ.

ಟೈರ್‌ಗೆ ಮೊದಲ 300 ಕಿಲೋಮೀಟರ್ ಎಚ್ಚರ ಬೇಕು, ಹೊಸ ರಬ್ಬರ್ ಪೂರ್ತಿ ಹಿಡಿತ ಕೊಡುವುದಿಲ್ಲ. ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಹೊಂದಿಕೊಳ್ಳಲು 500 ಬೇಕು, ಕ್ಲಚ್‌ಗೂ ಅಷ್ಟೇ. ನಡುವಿನ ವೇಗದಿಂದ ಬ್ರೇಕ್ ಹದವಾಗಿ ಒತ್ತಿ, ಪೂರ್ತಿ ನಿಲ್ಲಿಸದೆ ಬಿಟ್ಟು, ತಣಿಯಲು ಸಮಯ ಕೊಟ್ಟೆ.

ಆಯಿಲ್ ಮಟ್ಟವನ್ನು ಆಗಾಗ ನೋಡಿದೆ. ರಿಂಗ್ ಕೂರುವ ತನಕ ಸ್ವಲ್ಪ ಆಯಿಲ್ ಹೋಗುವುದು ಸಹಜ. ಡಿಪ್‌ಸ್ಟಿಕ್ ಇಲ್ಲದ ಗಾಡಿ ಇದು. ಎಂಜಿನ್ ಬಿಸಿ ಇದ್ದಾಗ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಪರದೆಯಲ್ಲೇ ಅಳೆಯಬೇಕು. ನನಗಂತೂ ಆ ಹಳೇ ಕಡ್ಡಿಯೇ ಇಷ್ಟ. ಬಣ್ಣ ನೋಡಬಹುದು, ವಾಸನೆ ನೋಡಬಹುದು.

2,000ಕ್ಕೆ ರನ್ನಿಂಗ್-ಇನ್ (ಫ್ರೀ ಮಾಡುವ ಅವಧಿ ಮುಗಿದಾಗಿನ) ಸರ್ವಿಸ್. ಬಿಎಂಡಬ್ಲ್ಯುವಿನ ಎಂ ಸರಣಿಯ ಕಾರುಗಳಿಗೆ ಇದು ಕಡ್ಡಾಯ: ಎಂಜಿನ್ ಆಯಿಲ್, ಫಿಲ್ಟರ್, ಜೊತೆಗೆ ಡಿಫರೆನ್ಷಿಯಲ್ ಆಯಿಲ್. ಡಿಫರೆನ್ಷಿಯಲ್ ಅನ್ನು ಜನ ಮರೆತೇ ಬಿಡುತ್ತಾರೆ. ಅದರ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುತ್ತವೆ, ಹೊಸದರಲ್ಲಿ ಚೆನ್ನಾಗಿ ಬಿಸಿಯಾಗುತ್ತವೆ, ಪುಡಿಯನ್ನೂ ಬಿಡುತ್ತವೆ. ತೆಗೆದ ಎಂಜಿನ್ ಆಯಿಲ್ ಸ್ವಲ್ಪ ಹಿಡಿದಿಟ್ಟು ಲ್ಯಾಬ್‌ಗೆ ಕಳಿಸಿದೆ. ಕಬ್ಬಿಣ, ತಾಮ್ರ, ಸಿಲಿಕಾನ್ ಮೂರೂ ಜಾಸ್ತಿ ಇದ್ದವು. ಸಿಲಿಕಾನ್ ನೋಡಿ ಧೂಳು ಹೋಗಿದೆ ಅಂತ ಗಾಬರಿಯಾಗಬೇಡಿ. ಹೊಸ ಎಂಜಿನ್‌ನಲ್ಲಿ ಅದು ಹೆಚ್ಚಾಗಿ ಜೋಡಿಸುವಾಗ ಹಚ್ಚಿದ ಸೀಲೆಂಟ್‌ನಿಂದ ಬರುತ್ತದೆ. ಮುಂದಿನ ಸ್ಯಾಂಪಲ್‌ನಲ್ಲಿ ಮೂರೂ ಇಳಿದಿದ್ದವು.

ಆದರೆ ನನ್ನ ಲೆಕ್ಕವನ್ನು ಹಾಗೇ ಬೇರೆ ಕಾರಿಗೆ ಹಾಕಬೇಡಿ. ಪೋರ್ಷೆ 911ರ ಹಲವು ಮಾದರಿಗಳ ಪುಸ್ತಕದಲ್ಲಿ 3,000 ಕಿಲೋಮೀಟರ್ ತನಕ 4,000 ಆರ್‌ಪಿಎಂ ಮಿತಿ ಇದೆ. ಹೋಂಡಾ ಸಿವಿಕ್ ಟೈಪ್ ಆರ್‌ಗೆ 1,000 ಕಿಲೋಮೀಟರ್ ಸಾಕು, ಆದರೆ ಫ್ಯಾಕ್ಟರಿ ತುಂಬಿದ ಆಯಿಲ್ ಅನ್ನು ಸರ್ವಿಸ್ ಸಮಯಕ್ಕೆ ಮೊದಲು ಬದಲಿಸಬೇಡಿ ಅನ್ನುತ್ತಾರೆ. ಬೇಗ ಆಯಿಲ್ ಬದಲಿಸಿದರೆ ಒಳ್ಳೆಯದೇ ಅನ್ನುವ ನಮ್ಮ ನಂಬಿಕೆಗೆ ಇದು ಉಲ್ಟಾ ಅಲ್ವಾ? ಎಂಜಿನ್ ಕಟ್ಟಿದವರ ಮಾತು ಮೊದಲು, ನನ್ನದು ಆಮೇಲೆ.

ಸರ್ವಿಸ್ ಆದ ಕೂಡಲೇ 7,200ಕ್ಕೆ ಹಾರಲಿಲ್ಲ. ಪುಸ್ತಕವೂ ನಿಧಾನವಾಗಿ ಏರಿಸಿ ಅನ್ನುತ್ತದೆ. ಮೊದಲು ಪೆಡಲ್ ಪೂರ್ತಿ ಒತ್ತಿ 6,000 ತನಕ, ಒಂದೊಂದೇ ಸಲ, ನಡುವೆ ಬಿಡುವು ಕೊಟ್ಟು. ಅಲ್ಲಿಂದ ಮೇಲಕ್ಕೆ. ಜೋರಾಗಿ ಓಡಿಸಿದ ದಿನ ಕೊನೆಯ ಕೆಲವು ನಿಮಿಷ ಮೆತ್ತಗೆ ಓಡಿಸಿ ಟರ್ಬೊ ತಣಿದ ಮೇಲೆಯೇ ಆಫ್ ಮಾಡುತ್ತೇನೆ. 80 ಡಿಗ್ರಿ ನಿಯಮ ಈಗಲೂ ಹಾಗೇ ಇದೆ. ಮುಂದಿನ ಆಯಿಲ್ ಬದಲಾವಣೆಗೂ ಗಾಡಿ ತೋರಿಸುವ ದಿನಕ್ಕೆ ಕಾಯದೆ ಅದರ ಅರ್ಧಕ್ಕೇ ಮಾಡಿಸುತ್ತೇನೆ.