ಮಂಜು ಬಿದ್ದರೆ ಬಂದ್ ಬೀಳುತ್ತಿದ್ದ 800

ಮೇಷ್ಟ್ರ ಕಾರು ಮೂರನೇ ಸಲ ನನ್ನ ಶೆಡ್ಡಿಗೆ ಬಂದು ನಿಂತಾಗ ಪಕ್ಕದ ಗ್ಯಾರೇಜಿನವನು, "ಆ ಗಾಡಿ ಮುಟ್ಟಬೇಡ ಮಾರಾಯ, ಇದ್ದ ಹೆಸರೂ ಹಾಳಾಗ್ತದೆ" ಅಂದಿದ್ದ. ಅದಾಗಿ ಎರಡು ಮಳೆಗಾಲ ಕಳೆದಿದೆ. ಗಾಡಿ ಒಮ್ಮೆಯೂ ನಿಂತಿಲ್ಲ. ಅದೇ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಗಾಡಿ 2003ರ ಮಾರುತಿ 800, ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಎನ್ನುವ ನಳಿಕೆ ಪೆಟ್ರೋಲ್ ಚಿಮ್ಮಿಸುವ ಮಾದರಿ. ಮೂರು ಸಿಲಿಂಡರ್, 796 ಸಿಸಿ, ಪೆಟ್ರೋಲ್ ತಳ್ಳುವ ಪಂಪ್ ಟ್ಯಾಂಕಿನೊಳಗೆ. ನಿಮಗೆ ಗೊತ್ತಿದ್ದದ್ದೇ. ರೋಗ ಮಾತ್ರ ವಿಚಿತ್ರ. ಶಿರಸಿ ಪೇಟೆಯಲ್ಲಿ ದಿನವಿಡೀ ಓಡಿಸಿದರೂ ತಕರಾರಿಲ್ಲ. ಕುಮಟಾಕ್ಕೆ ಹೋಗಿ ದೇವಿಮನೆ ಘಟ್ಟ ಹತ್ತುವಾಗ, ಅದೂ ಮಂಜು ಬಿದ್ದ ದಿನ, ಮೊದಲು ಜರ್ಕ್, ಆಮೇಲೆ ಪಿಕಪ್ ಸಾಯುವುದು, ಕೊನೆಗೆ ಬಂದ್. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಎನ್ನುವ ಹಾಗೆ ಸ್ಟಾರ್ಟ್. ಚೆಕ್ ಎಂಜಿನ್ ಲೈಟು ಒಮ್ಮೆಯೂ ಹತ್ತಿರಲಿಲ್ಲ. ಹತ್ತುವುದಾದರೂ ಹೇಗೆ? ಈ ಗಾಡಿಯಲ್ಲಿ ಪೆಟ್ರೋಲ್ ಪ್ರೆಶರ್ ನೋಡುವ ಸೆನ್ಸರೇ ಇಲ್ಲ. ಸ್ಕ್ಯಾನರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನನ್ನಲ್ಲಿಗೆ ಬರುವ ಮೊದಲೇ ಮೇಷ್ಟ್ರು ಬೇರೆ ಕಡೆಗಳಲ್ಲಿ ಹನ್ನೆರಡು ಸಾವಿರದ ಹತ್ತಿರ ಸುರಿದಿದ್ದರು. ಒಂದು ಕಂಪನಿ ಪಂಪ್, ಸುಮಾರು 3,800. ಅದಕ್ಕೂ ಮೊದಲು ಹಾಕಿದ ಲೋಕಲ್ ಪಂಪ್ 1,400. ಕಾಯಿಲ್, ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್. ಒಬ್ಬರಂತೂ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಬಿಚ್ಚಿ "ಸರ್ವಿಸ್" ಮಾಡಿದ್ದೇನೆ ಅಂತ ಎರಡೂವರೆ ಸಾವಿರ ತೆಗೆದುಕೊಂಡಿದ್ದರು. ಇಸಿಎಂನ ಒಳಗೆ ಏನು ಸರ್ವಿಸ್ ಮಾಡುತ್ತಾರೋ, ನನಗೂ ಕಲಿಯಬೇಕು.

ನಾನೇನು ಮೊದಲ ಸಲಕ್ಕೇ ಹಿಡಿದೆ ಅಂದುಕೊಳ್ಳಬೇಡಿ. ಮಂಜು ಎಂದ ಕೂಡಲೇ ಎಲ್ಲರ ಹಾಗೆ ನಾನೂ ಪ್ಲಗ್ ವೈರಿನ ಕಡೆಗೇ ಹೋದೆ. ರಾತ್ರಿ ಶೆಡ್ಡಿನ ಲೈಟು ಆರಿಸಿ, ಇಸ್ತ್ರಿಯವರು ಬಟ್ಟೆಗೆ ಹೊಡೆಯುವ ನೀರಿನ ಸ್ಪ್ರೇ ತಂದು ವೈರುಗಳ ಮೇಲೆ ಹೊಡೆದೆ. ಎರಡನೇ ಸಿಲಿಂಡರಿನ ವೈರಿನಿಂದ ನೀಲಿ ಕಿಡಿ ಚಿಟಿಚಿಟಿ ಅಂತು. ಸಿಕ್ಕಿಬಿತ್ತು ಅಂತ ಕುಣಿದಾಡಿದೆ. ಹೊಸ ಸೆಟ್ ಹಾಕಿ 650 ತೆಗೆದುಕೊಂಡೆ. ನಾಲ್ಕನೇ ದಿನ ಮೇಷ್ಟ್ರ ಫೋನು: "ತಮ್ಮಾ, ಮತ್ತೆ ಅಲ್ಲೇ ನಿಂತಿದ್ದೇನೆ." ಆ 650 ವಾಪಸ್ ಕೊಟ್ಟೆ. ವೈರ್ ಹಾಗೇ ಇರಲಿ ಅಂತ ಬಿಟ್ಟೆ, ನನ್ನ ಗಂಟು.

ಎರಡನೇ ಸಲ ಇಂಜೆಕ್ಟರ್ ಹಿಡಿದೆ. ಮೂರರ ಒಳಗಿನ ಕಾಯಿಲೂ ಹನ್ನೆರಡು-ಹದಿಮೂರು ಓಮ್, ಒಂದೇ ಸಮ. ಆದರೆ ಕಾಯಿಲ್ ಸರಿ ಇದ್ದರೆ ಸ್ಪ್ರೇ ಸರಿ ಇರಬೇಕು ಅಂತೇನಿಲ್ಲ. ಔಷಧಿ ಅಂಗಡಿಯಿಂದ 60 ಎಂಎಲ್‌ನ ಮೂರು ಸಿರಿಂಜ್ ತಂದು, ರೈಲ್ (ಮೂರೂ ಇಂಜೆಕ್ಟರಿಗೆ ಪೆಟ್ರೋಲ್ ಹಂಚುವ ಕೊಳವೆ) ಕೆಳಗೆ ಕಟ್ಟಿ, ಅಂಗಳದ ಗಾಳಿಗೆ, ಬ್ಯಾಟರಿಯಿಂದ ದೂರ ಇಟ್ಟುಕೊಂಡು ಪೆಟ್ರೋಲ್ ಚಿಮ್ಮಿಸಿದೆ. ಎರಡರಲ್ಲಿ 42 ಎಂಎಲ್ ಆಸುಪಾಸು, ಮೂರನೆಯದರಲ್ಲಿ 35 ಇಲ್ಲವೇ 36. ಮೂರಕ್ಕೂ ಒಟ್ಟಿಗೆ ಕರೆಂಟಿನ ಪಲ್ಸ್ ಕೊಡಲು ಏನು ಬಳಸಿದೆ ಎನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ. ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಡಬ್ಬಿಯಲ್ಲಿ ಮೂರು ಸುತ್ತು ಹಾಕಿದ ಮೇಲೆ 35 ಇದ್ದದ್ದು 39ಕ್ಕೆ ಬಂತು. ಐಡ್ಲಿಂಗ್ ಮೆತ್ತಗಾಯಿತು, ಮೈಲೇಜ್ ಲೀಟರಿಗೆ ಒಂದು ಕಿಲೋಮೀಟರ್ ಏರಿತು. ಘಟ್ಟದಲ್ಲಿ ಮಾತ್ರ ಮತ್ತೆ ಅದೇ ಕಥೆ.

ಇದರ ನಡುವೆ ಎಂಜಿನ್ನಿನ ಬಿಸಿ ನೋಡುವ ಕೂಲೆಂಟ್ ಸೆನ್ಸರ್ ಕಿತ್ತು, ಅದರ ಜಾಗಕ್ಕೆ ರೇಡಿಯೋ ರಿಪೇರಿ ಅಂಗಡಿಯ ವಾಲ್ಯೂಮ್ ಕಂಟ್ರೋಲ್ ಹಾಕಿಯೂ ನೋಡಿದೆ. ಓಮ್ ಏರಿಸಿದರೆ ಎಂಜಿನ್ ತಣ್ಣಗಿದೆ ಅಂತ ಇಸಿಎಂ ನಂಬಿ ಪೆಟ್ರೋಲ್ ಸುರಿಯುತ್ತದೆ, ಕಪ್ಪು ಹೊಗೆ. ಈ ರೋಗಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಹುಡುಗರಿಗೆ ಕಲಿಸಲು ಇಷ್ಟು ಒಳ್ಳೆಯ ಆಟ ಇನ್ನೊಂದಿಲ್ಲ.

ಮೂರನೇ ಸಲ ನಾನೊಂದು ಹಟ ಹಿಡಿದೆ. ಒಂದು ಪಾರ್ಟೂ ಬದಲಿಸುವುದಿಲ್ಲ, ರೋಗ ಬಂದ ಹೊತ್ತಿನಲ್ಲಿ ಅಳತೆ ತೆಗೆಯುತ್ತೇನೆ. ಪೆಟ್ರೋಲ್ ಪ್ರೆಶರ್ ಅಳೆಯಲು ಹುಬ್ಬಳ್ಳಿಯಿಂದ ತಂದ ಗೇಜ್ ಇತ್ತು, ಅಡಾಪ್ಟರ್ ಸೇರಿ 900 ಚಿಲ್ಲರೆ. ಅದಕ್ಕೂ ಮೊದಲು ಕಂಪ್ರೆಸರಿನ ಹಳೇ ಗೇಜಿಗೆ ಕ್ಲಿಪ್ ಬಿಗಿದು ನೋಡಿದ್ದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿ ಜೀವ ಬಾಯಿಗೆ ಬಂದಿತ್ತು. ಯಾರೂ ಆ ಕೆಲಸ ಮಾಡಬೇಡಿ. ಫಿಲ್ಟರಿನಿಂದ ರೈಲಿಗೆ ಹೋಗುವ ಲೈನಿಗೆ ಟಿ ಜಾಯಿಂಟ್ ಹಾಕಿ, ಪೈಪನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು, ಗೇಜನ್ನು ವೈಪರಿಗೆ ಕಟ್ಟಿದೆ. ಗ್ಲಾಸಿನ ಆಚೆ ಗೇಜ್, ಈಚೆ ನಾವು. ಪೆಟ್ರೋಲ್ ಪೈಪ್ ಕ್ಯಾಬಿನ್ ಒಳಗೆ ಬರಲೇಕೂಡದು. ಸೋರದ ಹಾಗೆ ಸೇರಿಸಲು ಯಾವ ಗಾಡಿಯ ಹೋಸ್ ಸರಿಹೋಗುತ್ತದೆ ಎನ್ನುವುದನ್ನು ನೀವೇ ಹುಡುಕಿಕೊಳ್ಳಿ. ಹಿಂದಿನ ಸೀಟ್ ಕೆಳಗೆ ಪಂಪಿನ ಸಾಕೆಟ್ಟಿಗೆ ಎರಡು ಉದ್ದ ವೈರ್ ಚುಚ್ಚಿ ಮುಂದಕ್ಕೆ ಎಳೆದು, ವೋಲ್ಟ್ ನೋಡುವ ಮೀಟರ್ ಹುಡುಗನ ಕೈಗೆ ಕೊಟ್ಟೆ. "ಎರಡು ವೈರ್ ಎಳ್ಕೊಂಡು ಘಟ್ಟ ಹತ್ತಿದ್ರೆ ಏನ್ ಗೊತ್ತಾಗ್ತದೆ" ಅಂತ ಪಕ್ಕದವನು ನಕ್ಕ.

ಮೊದಲಿನ ಟ್ರಯಲ್‌ಗಳಿಗೆಲ್ಲ ನಾನೇ ಸ್ಟೇರಿಂಗ್ ಹಿಡಿದಿದ್ದೆ. ಈ ಸಲ ಮೇಷ್ಟ್ರನ್ನೇ ಕೂರಿಸಿದೆ. ಅದೇ ಕೆಲಸಕ್ಕೆ ಬಂತು.

ಜುಲೈ ತಿಂಗಳು. ಘಟ್ಟದ ಬುಡದ ಕತಗಾಲದಲ್ಲಿ ಚಾ ಕುಡಿದು ಹತ್ತಲು ಶುರು ಮಾಡಿದೆವು. ಗೇಜಿನಲ್ಲಿ ಪ್ರೆಶರ್ ಮೂರು ಕೆಜಿ ಹತ್ತಿರ, ಅಲುಗಾಟವಿಲ್ಲ. "ಹನ್ನೊಂದೂವರೆ ವೋಲ್ಟ್" ಅಂದ ಹುಡುಗ. ಬ್ಯಾಟರಿಯಲ್ಲಿ ಹದಿಮೂರೂಮುಕ್ಕಾಲು ಇರುವಾಗ ಪಂಪಿಗೆ ಹನ್ನೊಂದೂವರೆ ಕಮ್ಮಿಯೇ. ಆದರೂ ಗಾಡಿ ಹತ್ತುತ್ತಿತ್ತು. ನಾಲ್ಕೈದು ತಿರುವು ದಾಟಿದ ಮೇಲೆ ಮಂಜು ದಟ್ಟವಾಯಿತು. ಮೇಷ್ಟ್ರು ಹೆಡ್‌ಲೈಟ್ ಹಾಕಿದರು. "ಹನ್ನೊಂದು." ಆಮೇಲೆ ಅಭ್ಯಾಸಬಲದಿಂದ ನಾಲ್ಕೂ ಇಂಡಿಕೇಟರ್ ಹಾಕಿದರು.

ಟಿಕ್, ಟಿಕ್, ಟಿಕ್. ಗೇಜಿನ ಮುಳ್ಳು ಅದೇ ತಾಳಕ್ಕೆ ಬಗ್ಗಿ ಬಗ್ಗಿ ಏಳತೊಡಗಿತು. ಎರಡೂವರೆ, ಎರಡು, ಎರಡೂವರೆ, ಒಂದೂಮುಕ್ಕಾಲು. ಹುಡುಗ "ಒಂಬತ್ತು, ಹನ್ನೊಂದು, ಒಂಬತ್ತು" ಅಂತ ಕೂಗುತ್ತಿದ್ದ. ಗಾಡಿಯ ಜರ್ಕೂ ಅದೇ ತಾಳಕ್ಕೆ. "ಮೇಷ್ಟ್ರೇ, ಇಂಡಿಕೇಟರ್ ತೆಗೀರಿ!" ಅಂದೆ. ತೆಗೆದರು. ಮುಳ್ಳು ನೆಟ್ಟಗೆ ನಿಂತಿತು, ಗಾಡಿ ಹಗುರಾಗಿ ಹತ್ತಿತು.

ಮಂಜಿಗೂ ರೋಗಕ್ಕೂ ಏನೂ ಇರಲಿಲ್ಲ. ಮಂಜು ಬಿದ್ದಾಗ ಮೇಷ್ಟ್ರು ಹಾಕುವ ಲೈಟಿಗೆ ಇತ್ತು. ನಾನು ಘಟ್ಟದಲ್ಲಿ ನಾಲ್ಕೂ ಇಂಡಿಕೇಟರ್ ಹಾಕುವವನಲ್ಲ. ನನ್ನ ಕೈಯಲ್ಲಿ ರೋಗ ಸಿಗದೇ ಇದ್ದದ್ದು ಅದಕ್ಕೇ.

ಮರುದಿನ ಶೆಡ್ಡಿನಲ್ಲಿ ಪಂಪ್ ಓಡುತ್ತಿರುವಾಗಲೇ ಸಾಕೆಟ್ಟಿನ ಕರಿ ವೈರಿನಿಂದ, ಅಂದರೆ ಕರೆಂಟ್ ವಾಪಸ್ ಹೋಗುವ ಅರ್ತ್ ವೈರಿನಿಂದ, ಬ್ಯಾಟರಿ ಮೈನಸ್ಸಿಗೆ ಮೀಟರ್ ಹಿಡಿದೆ. ಬರೀ ಪಂಪ್ ಓಡುವಾಗ ಎರಡು ವೋಲ್ಟ್, ಲೈಟು ಇಂಡಿಕೇಟರ್ ಸೇರಿದರೆ ನಾಲ್ಕು ದಾಟುತ್ತಿತ್ತು. ಸೊನ್ನೆಯ ಹತ್ತಿರ ಇರಬೇಕಾದ ಅರ್ತ್ ವೈರಿನಲ್ಲಿ ನಾಲ್ಕು ವೋಲ್ಟ್! ಇದೇ ಅರ್ತನ್ನು ಎರಡನೇ ಸಲ ಬಂದಾಗ ನಾನು ಮೀಟರಿನ ಬೀಪ್ ಹಾಕಿ ನೋಡಿದ್ದೆ, ಪೀ ಅಂದಿತ್ತು, ಸರಿ ಇದೆ ಅಂತ ಬಿಟ್ಟಿದ್ದೆ. ಹತ್ತು ಓಮ್ ಇದ್ದರೂ ಪೀ ಎನ್ನುವ ಮೀಟರ್ ನಂಬಿದ್ದು ನನ್ನ ತಪ್ಪು. ಇಲ್ಲಿ ಅರ್ಧ ಓಮೇ ಸಾಕಾಗಿತ್ತು. ಪಂಪ್ ನಾಲ್ಕು ಆಂಪಿಯರ್ ಎಳೆದರೆ ಅಲ್ಲೇ ಎರಡು ವೋಲ್ಟ್ ಹೋಯಿತಲ್ಲ. ಶೆಡ್ಡಿನಲ್ಲಿ ಐಡ್ಲಿಂಗಿಗೆ ಬೇಕಾಗುವ ಪೆಟ್ರೋಲ್ ಚಮಚದಷ್ಟು, ಸೋತ ಪಂಪೂ ಅಷ್ಟನ್ನು ಕೊಡುತ್ತದೆ. ಎರಡನೇ ಗೇರಿನಲ್ಲಿ ಘಟ್ಟ ಹತ್ತುವಾಗ ಕೊಡಲು ಆಗುವುದಿಲ್ಲ.

ವೈರ್ ಹಿಡಿದುಕೊಂಡು ಹೋದರೆ ಡಿಕ್ಕಿಯ ಎಡಮೂಲೆ. ಹಿಂದೊಮ್ಮೆ ಯಾರೋ ಗುದ್ದಿದಾಗ ಟಿಂಕರಿಂಗ್ ಆಗಿತ್ತಂತೆ. ಆ ಪುಣ್ಯಾತ್ಮ ಪಂಪಿನ ಅರ್ತು, ಹಿಂದಿನ ಲೈಟುಗಳ ಅರ್ತು ಎರಡನ್ನೂ ಒಂದೇ ಸ್ಕ್ರೂಗೆ, ಅದೂ ಅಂಡರ್‌ಕೋಟಿಂಗ್ ಹೊಡೆದ ತಗಡಿನ ಮೇಲೇ ಬಿಗಿದಿದ್ದ. ಸ್ಕ್ರೂ ಬಿಚ್ಚಿದರೆ ಲಗ್ (ವೈರಿನ ತುದಿಯ ಲೋಹದ ಬಳೆ) ಕೆಳಗೆ ಡಾಂಬರಿನಂಥ ಕಪ್ಪು, ಅದರ ಸುತ್ತ ತುಕ್ಕು, ವೈರಿನ ಇನ್ಸುಲೇಶನ್ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಕಾಯ್ದಷ್ಟೂ ಓಮ್ ಏರುತ್ತಿತ್ತು, ಗಾಡಿ ನಿಲ್ಲುತ್ತಿತ್ತು. ಅರ್ಧ ಗಂಟೆಗೆ ಆರುತ್ತಿತ್ತು, ಸ್ಟಾರ್ಟ್ ಆಗುತ್ತಿತ್ತು.

ತಗಡು ಬೆಳ್ಳಗಾಗುವವರೆಗೆ ಉಪ್ಪುಕಾಗದ ತಿಕ್ಕಿ, ಪಂಪಿಗೆ ಬೇರೆಯೇ ದಪ್ಪ ವೈರ್ ಎಳೆದು, ಹೊಸ ಲಗ್, ಹಲ್ಲಿನ ವಾಷರ್, ಮೇಲೆ ವ್ಯಾಸಲೀನ್. ಸಾಮಾನಿಗೆ 60 ರೂಪಾಯಿ. ಮತ್ತೆ ಅಳೆದಾಗ 0.1 ವೋಲ್ಟ್. ಮಜೂರಿ 1,500 ಕೇಳಿದೆ. "ಒಂದು ವಾಷರ್ ಹಾಕಿದ್ದಕ್ಕೆ ಸಾವಿರದೈನೂರಾ?" ಅಂತ ಮೇಷ್ಟ್ರು ಚೌಕಾಸಿ ಮಾಡಿ 1,200 ಕೊಟ್ಟರು. ಹನ್ನೆರಡು ಸಾವಿರವನ್ನು ಚೌಕಾಸಿ ಇಲ್ಲದೆ ಕೊಟ್ಟುಬಂದವರು!

ಆಮೇಲೆ ಇದೇ ಗೇಜು-ಮೀಟರ್ ಕಟ್ಟಿ ಒಂದು ಆಲ್ಟೋ, ಒಂದು ಹಳೇ ಝೆನ್ ಹಿಡಿದೆ. ಆಲ್ಟೋದಲ್ಲಿ ಪಂಪಿಗೆ ಕರೆಂಟ್ ಬಿಡುವ ರಿಲೇಯ ಕಾಂಟ್ಯಾಕ್ಟ್ ಸುಟ್ಟಿತ್ತು. ಝೆನ್‌ನಲ್ಲಿ ವೋಲ್ಟ್ ಸರಿ ಇತ್ತು, ಪ್ರೆಶರ್ ಇರಲಿಲ್ಲ, ನಿಜಕ್ಕೂ ಪಂಪೇ ಹೋಗಿತ್ತು. ಪಕ್ಕದ ಗ್ಯಾರೇಜಿನವನು ಮೊನ್ನೆ ಗೇಜ್ ಕೇಳಿಕೊಂಡು ಬಂದಿದ್ದ. ಕೊಟ್ಟೆ, ಹೋಸ್ ಮಾತ್ರ ಬಿಚ್ಚಿಟ್ಟುಕೊಂಡು.

ಮೇಷ್ಟ್ರ ಗಾಡಿಯ ಮೂರನೇ ಇಂಜೆಕ್ಟರ್ ಈಗಲೂ ಉಳಿದೆರಡಕ್ಕಿಂತ ಸ್ವಲ್ಪ ಕಮ್ಮಿಯೇ ಕೊಡುತ್ತದೆ. ಬದಲಿಸೋಣ ಅಂದರೆ, "ಹತ್ತುತ್ತದಲ್ಲ ತಮ್ಮಾ, ಸುಮ್ಮನಿರು" ಅನ್ನುತ್ತಾರೆ.